ನೆಂಟರಿಗೆ ಕೆಲಸ ಕೊಡದ ದಿವಾನರು

1912ರಲ್ಲಿ ಮೈಸೂರಿನ ದಿವಾನಗಿರಿ ಕೈಗೆ ಬಂದಾಗ ಎಂ. ವಿಶ್ವೇಶ್ವರಯ್ಯನವರು ಮೊದಲು ನೆಂಟರಿಷ್ಟರನ್ನೆಲ್ಲ ಊಟಕ್ಕೆ ಕರೆದರು ಅಂತ ಹೇಳುತ್ತಾರೆ. ಯಾರೂ ಶಿಫಾರಸು ಹಿಡಿದು ಬರಬಾರದು, ಹಾಗಾದರೆ ಮಾತ್ರ ದಿವಾನಗಿರಿ ಒಪ್ಪುವುದು ಅಂತ ಅಲ್ಲೇ ಕರಾರು ಮಾಡಿಕೊಂಡರಂತೆ. ಎಲೆಕ್ಷನ್ ಗೆದ್ದ ಮಾರನೇ ದಿನವೇ ಬಾಗಿಲಲ್ಲಿ ನಿಲ್ಲುವ ಭಾವಮೈದುನರನ್ನು ಕಂಡಿರುವ ನಮ್ಮ ಜನಕ್ಕೆ ಇದು ಕಟ್ಟುಕಥೆ ಅನ್ನಿಸಿದರೆ ತಪ್ಪಿಲ್ಲ ಬಿಡಿ.

ಮುದ್ದೇನಹಳ್ಳಿಯ ಈ ಬಡ ಹುಡುಗ 1884ರಲ್ಲಿ ಬೊಂಬಾಯಿ ಸರ್ಕಾರದ ಎಂಜಿನಿಯರ್ ಆದರು. ಎಷ್ಟು ದುಡಿದರೂ ಅಲ್ಲಿ ಮುಖ್ಯ ಎಂಜಿನಿಯರ್ ಗಾದಿ ಬಿಳಿಯರಿಗೇ ಮೀಸಲು. 1908ರಲ್ಲಿ ಅವಧಿಗೆ ಮುಂಚೆಯೇ ಕೆಲಸ ಬಿಟ್ಟರು. ಮರುವರ್ಷ ಮೈಸೂರು ಕರೆಯಿತು.

ಹುಟ್ಟಿನಿಂದಾಗಿ ಕುರ್ಚಿ ತಪ್ಪಿದ ಮನುಷ್ಯ ದಿವಾನರಾದ ಮೇಲೆ ಅದೇ ಪ್ರಶ್ನೆಗೆ ಸಿಕ್ಕಿಹಾಕಿಕೊಂಡರು. ಸಂಸ್ಥಾನದ ಮೇಲಿನ ಹುದ್ದೆಗಳಲ್ಲಿ ಹೆಚ್ಚಿನವು ಬ್ರಾಹ್ಮಣರ ಕೈಲಿದ್ದವು. ಉಳಿದ ಸಮುದಾಯದವರು ಪಾಲು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಎಲ್ಲರಿಗೂ ಓದು ಕೊಡಿ, ಕೆಲಸ ಮಾತ್ರ ಯೋಗ್ಯತೆ ನೋಡಿ ಕೊಡಿ ಎಂಬುದು ದಿವಾನರ ಹಟ. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾಯಿದೆ ತಂದವರೂ ಅವರೇ. ಆದರೆ ಓದು ಹಳ್ಳಿಗೆ ಬರುವ ತನಕ ಹಳ್ಳಿಯವನು ಕಾಯುತ್ತಾ ಕೂರಬೇಕೇ? ಈ ಪ್ರಶ್ನೆಗೆ ಅವರ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಅಭಿಪ್ರಾಯ ಕೂಡದೆ ರಾಜೀನಾಮೆ ಕೊಟ್ಟರು. 1921ರಲ್ಲಿ ಸರ್ಕಾರ ಸಮಿತಿಯ ಮಾತಿಗೆ ಒಪ್ಪಿತು. ತಿಪಟೂರು, ತುರುವೇಕೆರೆಯಂಥ ಕಡೆಯ ರೈತರ ಮಕ್ಕಳಿಗೂ ಕಚೇರಿಯ ಬಾಗಿಲು ತೆರೆಯಿತು. ಇದರಲ್ಲಿ ಮಹಾರಾಜರದ್ದೇ ಸರಿ.

ಮುನಿಸು ಮಾತ್ರ ಉಳಿಯಲಿಲ್ಲ. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟಕ್ಕೆ ಬಿದ್ದಾಗ ಸರ್ಕಾರ ಅವರನ್ನೇ ಕರೆಯಿತು. ಯುದ್ಧ ಮುಗಿದು ಕಬ್ಬಿಣದ ಧಾರಣೆ ನೆಲಕಚ್ಚಿತ್ತು. ಧಾರಣೆ ಬೀಳುವುದು ಅಂದರೆ ಏನು ಅಂತ ಕೊಬ್ಬರಿ ಮಂಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮುಚ್ಚಿಬಿಡಿ ಅನ್ನುವವರೂ ಇದ್ದರು. ಇವರು ಮುಚ್ಚಲಿಲ್ಲ. ಖರ್ಚು ಹಿಡಿದರು, ಹೊರದೇಶದ ತಜ್ಞರ ಜಾಗಕ್ಕೆ ಮೆಲ್ಲಗೆ ನಮ್ಮವರನ್ನೇ ತಯಾರು ಮಾಡಿದರು. 1929ರಲ್ಲಿ ಅವರು ಹೊರಡುವ ಹೊತ್ತಿಗೆ ಕಾರ್ಖಾನೆ ತನ್ನ ಕಾಲ ಮೇಲೆ ನಿಂತಿತ್ತು.

ಆ ಕೆಲಸಕ್ಕೆ ಬಂದ ಸಂಭಾವನೆಯನ್ನು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಕೊಟ್ಟರು. ಅದಕ್ಕೆ ತಮ್ಮ ಹೆಸರು ಬೇಡವೆಂದು ಮಹಾರಾಜರ ಹೆಸರು ಇಡಿಸಿದರು. ಅದೇ 1943ರಲ್ಲಿ ಶುರುವಾದ, ಬೆಂಗಳೂರಿನ ಕೆ.ಆರ್. ಸರ್ಕಲ್ ಹತ್ತಿರದ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್.