ವಿಷಗಾಳಿಯನ್ನು ತಾವೇ ಉಸಿರಾಡಿ ನೋಡಿದವರು

1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ನಮ್ಮಲ್ಲಿ ಅನೇಕರಿಗೆ ಪರಿಚಿತರು. ಅವರ ತಂದೆ ಜಾನ್ ಸ್ಕಾಟ್ ಹಾಲ್ಡೇನ್ ತಮ್ಮ ಕಾಲದಲ್ಲಿ ಮಗನಷ್ಟೇ ಪ್ರಖ್ಯಾತರಾಗಿದ್ದರು. ವಿಷಾನಿಲ ಸೇವಿಸಿದ ದೇಹಕ್ಕೆ ಏನಾಗುತ್ತದೆಂಬ ಅರಿವಿಗೆ ತಳಪಾಯ ಹಾಕಿದವರಲ್ಲಿ ಅವರೊಬ್ಬರು.

1860ರಲ್ಲಿ ಎಡಿನ್‌ಬರೋದಲ್ಲಿ ಜನಿಸಿ, ಅಲ್ಲಿಯೇ ವೈದ್ಯಕೀಯ ಪದವಿ ಪಡೆದ ಅವರು ಚಿಕಿತ್ಸಾಲಯ ತೆರೆಯಲಿಲ್ಲ. ಡಂಡಿ ನಗರದ ಬಡವರ ಇಕ್ಕಟ್ಟಾದ ಮನೆಗಳಿಗೆ ರಾತ್ರಿ ಹೊತ್ತು ಹೋಗಿ ಗಾಳಿಯ ಮಾದರಿ ಸಂಗ್ರಹಿಸುವುದರಿಂದ ಅವರ ವೃತ್ತಿಜೀವನ ಆರಂಭವಾಯಿತು. 1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 57 ಮಂದಿ ಸತ್ತಾಗ, ಶವಗಳನ್ನು ಪರೀಕ್ಷಿಸಿದ ಹಾಲ್ಡೇನ್, ಬಹುತೇಕರನ್ನು ಕೊಂದದ್ದು ಸ್ಫೋಟವಲ್ಲ, ಅನಂತರ ಹರಡಿದ ಕಾರ್ಬನ್ ಮಾನಾಕ್ಸೈಡ್ ಎಂದು ಸರ್ಕಾರಕ್ಕೆ ವರದಿ ನೀಡಿದರು. ಅದಕ್ಕೂ ಮುನ್ನವೇ ಆ ಅನಿಲವನ್ನು ತಾವೇ ಉಸಿರಾಡಿ, ಪ್ರತಿ ಹಂತದಲ್ಲೂ ತಮ್ಮ ರಕ್ತವನ್ನು ಪರೀಕ್ಷಿಸಿಕೊಂಡಿದ್ದರು. ಮನುಷ್ಯನಿಗಿಂತ ಬೇಗ ಕುಸಿಯುವ ಪುಟ್ಟ ಪ್ರಾಣಿಯೊಂದನ್ನು ಗಣಿಗೆ ಒಯ್ಯಬೇಕೆಂಬ ಅವರ ಸಲಹೆಯಿಂದ ಬಂದ ಕ್ಯಾನರಿ ಹಕ್ಕಿ, ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಇತ್ತು. ಸರ್ಕಾರಿ ವರದಿಯೊಂದರ ಶಿಫಾರಸು ಇಷ್ಟು ದೀರ್ಘಕಾಲ ಬಾಳಿದ್ದನ್ನು ನನ್ನ ಸೇವಾವಧಿಯಲ್ಲಿ ನಾನಂತೂ ಕಂಡಿಲ್ಲ.

ಕಾರ್ಬನ್ ಮಾನಾಕ್ಸೈಡ್ ಶ್ವಾಸಕೋಶವನ್ನು ಸುಡದೆ ರಕ್ತವನ್ನು ವಶಪಡಿಸಿಕೊಳ್ಳುತ್ತದೆ. ಕ್ಲೋರಿನ್ನಿನ ರೀತಿಯೇ ಬೇರೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಅದನ್ನು ಎದುರಾಳಿ ಕಂದಕಗಳತ್ತ ಹರಿಯಬಿಟ್ಟಿತು. ಕೆಲವೇ ದಿನಗಳಲ್ಲಿ ಸರ್ಕಾರದ ಕರೆಯಂತೆ ಹಾಲ್ಡೇನ್ ಯುದ್ಧರಂಗದ ಆಸ್ಪತ್ರೆಗೆ ಬಂದರು. ಮುಖ ನೀಲಿಗಟ್ಟಿ, ಉಸಿರಿಗಾಗಿ ಹೋರಾಡುತ್ತಿದ್ದ ಸೈನಿಕರನ್ನು ಕಂಡರು. ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶಗಳು ನೀರು ತುಂಬಿ ಊದಿಕೊಂಡಿದ್ದವು. ಕ್ಲೋರಿನ್ ಶ್ವಾಸನಾಳದ ತೇವದೊಡನೆ ಸೇರಿ ಆಮ್ಲವಾಗುತ್ತದೆ. ವಾಯುಕೋಶಗಳ ತೆಳುಪೊರೆ ಹಾಳಾಗಿ ರಕ್ತದ ದ್ರವಾಂಶ ಒಳಗೆ ಜಿನುಗುತ್ತದೆ. ಸೈನಿಕರು ಒಣನೆಲದ ಮೇಲೆಯೇ ಮುಳುಗಿ ಸಾಯುತ್ತಿದ್ದರು.

ಭೋಪಾಲಿನಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೊಸಯನೇಟ್ ಸೋರಿದಾಗಲೂ ಶ್ವಾಸಕೋಶಗಳು ಹೀಗೆಯೇ ತುಂಬಿದ್ದವು. ಸೋರಿದ್ದು ಯಾವ ಅನಿಲ ಎಂಬುದು ಅಲ್ಲಿನ ವೈದ್ಯರಿಗೆ ತಿಳಿದಿರಲಿಲ್ಲ. ಈಪ್ರ್‌ನಲ್ಲಿ ಅನಿಲ ಬಿಟ್ಟವನು ಶತ್ರು, ಅವನು ಹೇಳಬೇಕಿರಲಿಲ್ಲ. ಭೋಪಾಲಿನಲ್ಲಿದ್ದುದು ಪರವಾನಗಿ ಪಡೆದ ಕಾರ್ಖಾನೆ.

ಮುಖಗವಸಿನ ಪರೀಕ್ಷೆಗಾಗಿ ಹಾಲ್ಡೇನ್ ಗಾಜಿನ ಕಿಟಕಿಯ ಕೋಣೆಯೊಂದಕ್ಕೆ ಅಳೆದ ಪ್ರಮಾಣದ ಕ್ಲೋರಿನ್ ಬಿಡಿಸಿ ಸ್ವತಃ ಒಳಹೊಕ್ಕರು. ಸೇನೆಯಲ್ಲಿದ್ದ ಮಗನನ್ನೂ ಕರೆಸಿಕೊಂಡರು. ಕವಚ ಧರಿಸಿ ಒಮ್ಮೆ, ಇಲ್ಲದೆ ಒಮ್ಮೆ. ಅದೇ ಮೇ ತಿಂಗಳಲ್ಲಿ, ಲಾರ್ಡ್ ಚಾನ್ಸಲರ್ ಆಗಿದ್ದ ಅವರ ಅಣ್ಣ ರಿಚರ್ಡ್ ಹಾಲ್ಡೇನ್ ಜರ್ಮನ್ ಪಕ್ಷಪಾತಿಯೆಂಬ ಅಪವಾದ ಹೊತ್ತು ಅಧಿಕಾರ ಕಳೆದುಕೊಂಡರು!

ಅಲ್ಲಿಯವರೆಗೆ ರೋಗಿಯ ಮುಖದ ಬಳಿ ಆಲಿಕೆ ಹಿಡಿದು ಆಮ್ಲಜನಕ ಬಿಡುವುದಿತ್ತು, ಬಹುಪಾಲು ವ್ಯರ್ಥವಾಗುತ್ತಿತ್ತು. ಮುಖಗವಸು, ಚೀಲ ಮತ್ತು ಅಳತೆಯ ಹರಿವುಳ್ಳ ಉಪಕರಣವನ್ನು ಹಾಲ್ಡೇನ್ 1917ರಲ್ಲಿ ವೈದ್ಯರ ಮುಂದಿಟ್ಟರು. ಅನಿಲಪೀಡಿತರಿಗಾಗಿ ಹುಟ್ಟಿದ ಆ ವಿಧಾನ ಕ್ರಮೇಣ ಎಲ್ಲ ಆಸ್ಪತ್ರೆಗಳಿಗೂ ಬಂದಿತು.

ಎಪ್ಪತ್ತೈದರ ಅಂಚಿನಲ್ಲೂ ಅವರು ವಿರಮಿಸಲಿಲ್ಲ. ತೈಲ ಸಂಸ್ಕರಣಾಗಾರದ ಕಾರ್ಮಿಕರನ್ನು ಕಾಡುತ್ತಿದ್ದ ಬಿಸಿಲಾಘಾತದ ಅಧ್ಯಯನಕ್ಕೆಂದು ಪರ್ಷಿಯಾಕ್ಕೆ ಹೋಗಿ ಮರಳಿದವರು, 1936ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್‌ನ ಮನೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.