ಅಕ್ಷರಕ್ಕೂ ಮುಂಚಿನ ಕೆಲಸ: ಕುದ್ಮುಲ್ ರಂಗರಾಯರು

ಕುದ್ಮುಲ್ ರಂಗರಾಯರನ್ನು ನಾವು ದಲಿತೋದ್ಧಾರಕರೆಂದು ಓದುತ್ತೇವೆ. ನಾನು ಇಲ್ಲಿ ಅವರನ್ನು ಒಬ್ಬ ಶಿಕ್ಷಕರಾಗಿ ನೋಡಲು ಬಯಸುತ್ತೇನೆ. 1859ರಲ್ಲಿ ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ ಹುಟ್ಟಿದ ಅವರು ಮಂಗಳೂರಿನಲ್ಲಿ ಮೊದಲು ಮೇಷ್ಟ್ರಾಗಿದ್ದರು, ಆಮೇಲೆ ವಕೀಲರಾದರು. ಬ್ರಾಹ್ಮಸಮಾಜದ ವಿಚಾರಗಳು ಅವರನ್ನು ರೂಪಿಸಿದವು.

ಕರಾವಳಿಯಲ್ಲಿ ಗದ್ದೆಯ ಜೊತೆಗೆ ಆಳನ್ನೂ ಮಾರುವ, ಅಡವಿಡುವ ರೂಢಿ ಹಿಂದೆ ಇತ್ತು. ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ಕಂಪನಿ ಸರ್ಕಾರ 1843ರ ಕಾಯ್ದೆಯಿಂದ ತೆಗೆದುಹಾಕಿತು. ಕಾಗದದ ಮೇಲೆ ಬಿಡುಗಡೆಯಾಯಿತು. ಆದರೆ ಭೂಮಿ, ಸೂರು, ಅಕ್ಷರ ಯಾವುದೂ ಜೊತೆಗೆ ಬರಲಿಲ್ಲ. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾದ ವರ್ಷವೇ ಬಿಡುಗಡೆಯಾದವರಿಗಾಗಿ ಸರ್ಕಾರಿ ಇಲಾಖೆಯೊಂದು ಹುಟ್ಟಿ ಶಾಲೆಗಳಿಗೆ ನೆರವಾಯಿತು. ಇಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ, ಕಾಯ್ದೆ ಬಂದ 49 ವರ್ಷಗಳ ನಂತರ.

ಶಾಲೆ ತೆರೆದರೆ ಸಾಕಾಗಲಿಲ್ಲ. ಮೇಲ್ಜಾತಿಯವರು ಪಾಠ ಹೇಳಲು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರನ್ನು ನೇಮಿಸಿದರು. ಹಸಿದ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟರು. ಮಗು ಶಾಲೆಗೆ ಬಂದರೆ ಮನೆಗೆ ಆಗುವ ಕೂಲಿನಷ್ಟಕ್ಕೆ ಪುಡಿಕಾಸು ಕೊಟ್ಟರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ವಿದ್ಯಾರ್ಥಿನಿಲಯ, ನೇಯ್ಗೆ ಮತ್ತು ಬಡಗಿ ಕೆಲಸದ ತರಬೇತಿ, ಮನೆಕಟ್ಟಲು ಜಾಗ, ಹೀಗೆ ಒಂದೊಂದಾಗಿ ಸೇರಿಸಿದರು. ಸ್ವಂತ ಜಾತಿಯವರ ಬಹಿಷ್ಕಾರವನ್ನೂ ಸಹಿಸಿದರು.

ಹೊರಮಾವಿನ ಶಾಲೆಯಲ್ಲಿ ಅಭ್ಯಾಸ ಬೋಧನೆಗೆ ಎಂಟನೇ ತರಗತಿಗೆ ಈ ಪಾಠ ಮಾಡಿದೆ. ಮೊದಲ ಅಕ್ಷರ ಕಲಿಸುವ ಮುಂಚೆ ರಂಗರಾಯರು ಏನೇನು ಒದಗಿಸಬೇಕಾಯಿತು ಎಂದು ಪಟ್ಟಿ ಮಾಡಿಸಿದೆ. ಊಟ, ಕೂಲಿ, ಮನೆ ಎಂದು ಮಕ್ಕಳು ಬೇಗ ಹೇಳಿದರು. ಆ ತರಗತಿಯಲ್ಲಿ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳಿದ್ದಾರೆ. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಆಗಾಗ ಮನೆಯಲ್ಲೇ ಉಳಿಯುತ್ತಾರೆ. ನಮ್ಮ ಪಾಠಯೋಜನೆಯಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನಕ್ಕೆ ಅಂಕಣಗಳಿವೆ. ಗೈರುಹಾಜರಾದ ಮಗು ಏಕೆ ಬರಲಿಲ್ಲ ಎಂಬುದಕ್ಕೂ ಒಂದು ಅಂಕಣ ಇರಲಿ ಎಂದು ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ.

ರಂಗರಾಯರು 1928ರಲ್ಲಿ ತೀರಿಕೊಂಡರು. ತಮ್ಮ ಶಾಲೆಯಲ್ಲಿ ಓದಿದ ದಲಿತ ಹುಡುಗನೊಬ್ಬ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಆ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಕಲಿಕಾಫಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.