ಕಲುಗದ ಗಣಿತ ಮೇಷ್ಟ್ರು ಮತ್ತು ಆಕಾಶದ ಗಣಿ

ಕ್ಷುದ್ರಗ್ರಹಗಳಿಂದ ಲೋಹ ಅಗೆದು ತರುವ ಮಾತು ಈಗ ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತದೆ. ಒಂದೊಂದು ಬಂಡೆಗೂ ಲಕ್ಷ ಕೋಟಿಗಳ ಬೆಲೆ ಕಟ್ಟಿರುತ್ತಾರೆ. ‘ಬಲ ಮತ್ತು ಚಲನೆಯ ನಿಯಮಗಳು’ ಪಾಠಕ್ಕೆ ಇಂಥ ಸುದ್ದಿ ಒಳ್ಳೆಯ ಪೀಠಿಕೆ. ಮಕ್ಕಳ ಕಿವಿ ನಿಮಿರುತ್ತದೆ. ಆದರೆ ಆ ಚಿನ್ನ ತಂದರೆ ನಾವೆಲ್ಲ ಶ್ರೀಮಂತರಾಗುತ್ತೇವೆಯೇ ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಹೌದು ಎಂದರೆ ಸುಳ್ಳಾಗುತ್ತದೆ, ಬರೀ ಇಲ್ಲ ಎಂದರೆ ಮಕ್ಕಳ ಕುತೂಹಲ ಅಲ್ಲಿಗೇ ನಿಲ್ಲುತ್ತದೆ. ಮಧ್ಯದ ದಾರಿಯೊಂದನ್ನು ನಾನು ಕಂಡದ್ದು ಒಬ್ಬ ಶಾಲಾ ಶಿಕ್ಷಕರ ಬದುಕಿನಲ್ಲಿ. ಅವರು ರಷ್ಯಾದ ಕಾನ್‌ಸ್ತಾಂತಿನ್ ತ್ಸಿಯೊಲ್ಕೊವ್‌ಸ್ಕಿ.

ಅವರು ಹುಟ್ಟಿದ್ದು 1857ರಲ್ಲಿ, ರಿಯಾಜಾನ್ ಪ್ರಾಂತ್ಯದ ಇಜೆವ್‌ಸ್ಕೊಯೆ ಎಂಬ ಹಳ್ಳಿಯಲ್ಲಿ. ತಂದೆ ಅರಣ್ಯ ಇಲಾಖೆಯ ನೌಕರ. ಹತ್ತು ವರ್ಷದ ಆಸುಪಾಸಿನಲ್ಲಿ ಬಂದ ಕೆಂಪುಜ್ವರ ಹುಡುಗನ ಶ್ರವಣಶಕ್ತಿಯನ್ನು ಬಹುಪಾಲು ಕಿತ್ತುಕೊಂಡಿತು. ಹದಿಮೂರಕ್ಕೆ ತಾಯಿ ತೀರಿಕೊಂಡರು. ಮೇಷ್ಟ್ರ ಮಾತು ಕೇಳಿಸದ ಹುಡುಗನಿಗೆ ಶಾಲೆ ದಕ್ಕಲಿಲ್ಲ, ಪುಸ್ತಕ ದಕ್ಕಿತು. ಹದಿನಾರನೇ ವಯಸ್ಸಿನಲ್ಲಿ ತಂದೆ ಅವನನ್ನು ಮಾಸ್ಕೋಗೆ ಕಳುಹಿಸಿದರು. ಅಲ್ಲಿ ಮೂರು ವರ್ಷ ಸಾರ್ವಜನಿಕ ಗ್ರಂಥಾಲಯವೇ ಅವನ ಕಾಲೇಜು. ಮನೆಯಿಂದ ಬರುತ್ತಿದ್ದ ಅಲ್ಪ ಹಣದಲ್ಲಿ ಕಪ್ಪು ರೊಟ್ಟಿಯಷ್ಟನ್ನೇ ತಿಂದು, ಉಳಿದದ್ದನ್ನು ಪುಸ್ತಕಕ್ಕೂ ಪ್ರಯೋಗದ ಸಾಮಾನಿಗೂ ಸುರಿಯುತ್ತಿದ್ದ.

1879ರಲ್ಲಿ ಶಿಕ್ಷಕರ ಪರೀಕ್ಷೆ ಪಾಸು ಮಾಡಿ, 1880ರಲ್ಲಿ ಬೊರೊವ್‌ಸ್ಕ್ ಎಂಬ ಸಣ್ಣ ಊರಿನಲ್ಲಿ ಅಂಕಗಣಿತ ಮತ್ತು ರೇಖಾಗಣಿತದ ಶಿಕ್ಷಕರಾದರು. 1892ರಲ್ಲಿ ಕಲುಗ ಪಟ್ಟಣಕ್ಕೆ ವರ್ಗವಾಯಿತು. ಮುಂದೆ ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಭೌತವಿಜ್ಞಾನ ಕಲಿಸಿದರು. ಒಟ್ಟು ಸುಮಾರು 40 ವರ್ಷಗಳ ಶಿಕ್ಷಕ ವೃತ್ತಿ. ತಗಡಿನಲ್ಲಿ ತಾವೇ ಮಾಡಿಕೊಂಡ ಕಹಳೆಯಂಥ ಶ್ರವಣ ಸಾಧನವನ್ನು ಕಿವಿಗಿಟ್ಟು ಎದುರಿನವರ ಮಾತು ಕೇಳುತ್ತಿದ್ದರು. ಬೆಳಗ್ಗೆ ಪಾಠ, ಉಳಿದ ಹೊತ್ತು ಲೆಕ್ಕ. ಇದು ಅವರ ದಿನಚರಿ. ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ. 1902ರಲ್ಲಿ ಮಗನೊಬ್ಬ ಆತ್ಮಹತ್ಯೆ ಮಾಡಿಕೊಂಡ. 1908ರಲ್ಲಿ ಓಕಾ ನದಿಯ ಪ್ರವಾಹ ಮನೆಗೆ ನುಗ್ಗಿ ಕಾಗದಪತ್ರಗಳನ್ನು ಹಾಳುಮಾಡಿತು.

ಅವರ ಕನಸು ದೊಡ್ಡದು. 1895ರಲ್ಲಿ ಪ್ರಕಟವಾದ ಅವರ ಪುಸ್ತಕವೊಂದರಲ್ಲಿ ಕ್ಷುದ್ರಗ್ರಹಗಳ ಮೇಲೆ ಬಿಸಿಲನ್ನೇ ಶಕ್ತಿಯಾಗಿ ಬಳಸಿ ಬಾಳುವ ಜೀವಿಗಳ ಕಲ್ಪನೆಯಿದೆ. 1926ರಲ್ಲಿ ಬರೆದ ಹಂತಹಂತದ ಬಾಹ್ಯಾಕಾಶ ಯೋಜನೆಯಲ್ಲೂ ಕ್ಷುದ್ರಗ್ರಹಗಳಿಗೆ ಜಾಗವಿದೆ. ಆದರೆ ಅವರನ್ನು ನಾವು ನೆನೆಯಬೇಕಾದದ್ದು ಕನಸಿಗಾಗಿ ಮಾತ್ರವಲ್ಲ, ಅದಕ್ಕೆ ತಗಲುವ ಖರ್ಚನ್ನೂ ಅವರೇ ಲೆಕ್ಕ ಹಾಕಿದರು ಎಂಬುದಕ್ಕಾಗಿ.

ಆ ಲೆಕ್ಕ 1903ರಲ್ಲಿ ಒಂದು ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅದನ್ನು ಗಮನಿಸಿದವರು ತೀರಾ ಕಡಿಮೆ. ಸಂವೇಗ ಸಂರಕ್ಷಣೆಯ ನಿಯಮದಿಂದಲೇ ಹುಟ್ಟುವ ಸಮೀಕರಣ ಅದು. ಅನಿಲ ಹೊರನುಗ್ಗುವ ವೇಗದಷ್ಟು ವೇಗವನ್ನು ರಾಕೆಟ್ ತಾನೂ ಪಡೆಯಬೇಕಾದರೆ, ಹೊರಡುವಾಗಿನ ತೂಕ ಕೊನೆಯಲ್ಲಿ ಉಳಿಯುವ ತೂಕದ ಸುಮಾರು 2.7 ಪಟ್ಟು ಇರಬೇಕು. ಎರಡರಷ್ಟು ವೇಗ ಬೇಕೆಂದರೆ ಇಂಧನವೂ ಎರಡರಷ್ಟಾದರೆ ಸಾಲದು, 2.7ನ್ನು 2.7ರಿಂದ ಗುಣಿಸಬೇಕು, ಅಂದರೆ ಏಳು ಪಟ್ಟಿಗೂ ಹೆಚ್ಚು. ಮೂರರಷ್ಟಾದರೆ ಸುಮಾರು ಇಪ್ಪತ್ತು ಪಟ್ಟು.

ನನ್ನ ಬೋಧನಾಭ್ಯಾಸದ ಒಂಬತ್ತನೇ ತರಗತಿಯಲ್ಲಿ ಈ ಮೂರು ಸಾಲುಗಳನ್ನು ಕಪ್ಪುಹಲಗೆಯ ಮೇಲೆ ಕೋಷ್ಟಕವಾಗಿ ಬರೆಸಿದೆ. ಲಘುಗಣಕ ಬೇಕಾಗಲಿಲ್ಲ, ಗುಣಾಕಾರ ಸಾಕಾಯಿತು. ದ್ರವ ಹೈಡ್ರೋಜನ್ ಮತ್ತು ಆಕ್ಸಿಜನ್ ಉರಿದಾಗ ಅನಿಲದ ವೇಗ ಸೆಕೆಂಡಿಗೆ ಸುಮಾರು 4.5 ಕಿ.ಮೀ. ಭೂಮಿಯ ಸಮೀಪದ ಕಕ್ಷೆ ಸೇರಲು ಗಾಳಿಯ ತಡೆ, ಗುರುತ್ವದ ಸೆಳೆತಗಳ ನಷ್ಟವೂ ಸೇರಿ 9 ಕಿ.ಮೀ.ಗೂ ಹೆಚ್ಚು ಬೇಕು. ಅಂದರೆ ಏಳೂವರೆ ಟನ್ ಹೊರಟರೆ ಮೇಲೆ ತಲುಪುವುದು ಒಂದೇ ಟನ್, ಅದೂ ರಾಕೆಟ್ಟಿನ ಕವಚವೂ ಸೇರಿ. ಉಳಿದದ್ದೆಲ್ಲ ಇಂಧನ. ಭೂಮಿಯಿಂದ ಒಂದು ಲೀಟರ್ ನೀರನ್ನು ಮೇಲಕ್ಕೊಯ್ಯುವುದು ಏಕೆ ಅಷ್ಟು ದುಬಾರಿ ಎಂದು ಮಕ್ಕಳೇ ಕಂಡುಕೊಂಡರು.

ಇಲ್ಲಿಂದ ಕ್ಷುದ್ರಗ್ರಹದ ಗಣಿಗೆ ಒಂದೇ ಹೆಜ್ಜೆ. ಬೆನ್ನು ಎಂಬ ಕ್ಷುದ್ರಗ್ರಹದ ಮಾದರಿಯನ್ನು ನಾಸಾದ ನೌಕೆ 2023ರಲ್ಲಿ ಭೂಮಿಗೆ ತಂದಿತು. ತೂಕ 121.6 ಗ್ರಾಂ. ಯೋಜನೆಯ ಖರ್ಚು ನೂರು ಕೋಟಿ ಡಾಲರಿಗೂ ಹೆಚ್ಚು. ನೂರು ಕೋಟಿ ಎಂದೇ ಹಿಡಿದರೂ ಗ್ರಾಂಗೆ 80 ಲಕ್ಷ ಡಾಲರ್ ದಾಟುತ್ತದೆ. ಅದು ಸಂಶೋಧನೆಗಾಗಿ ಹೋದದ್ದೇ ಹೊರತು ಗಣಿಗಾರಿಕೆಗಲ್ಲ, ನಿಜ. ಆದರೂ ಚಿನ್ನ ಅಗೆದು ಭೂಮಿಗೆ ತಂದು ಮಾರುವ ವ್ಯಾಪಾರ ಎಷ್ಟು ದೂರದ್ದೆಂದು ಈ ಅಂಕಿಯೇ ಹೇಳುತ್ತದೆ. ನಮ್ಮ ಕೋಲಾರವೂ ಇದೇ ಪಾಠ ಹೇಳುತ್ತದೆ: ಮೂರು ಕಿ.ಮೀ.ಗೂ ಆಳಕ್ಕೆ ಇಳಿದ ಗಣಿಗಳನ್ನು 2001ರಲ್ಲಿ ಮುಚ್ಚಿದ್ದು ಚಿನ್ನ ಪೂರ್ತಿ ಬರಿದಾಯಿತೆಂದಲ್ಲ, ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿತೆಂದು.

ಹಾಗಾದರೆ ಆಕಾಶದ ಗಣಿ ಬರೀ ಮಾತೇ? ಅಲ್ಲ. ಬೆನ್ನುವಿನ ಮಾದರಿಯಲ್ಲಿ ನೀರನ್ನು ಒಳಗಿಟ್ಟುಕೊಂಡ ಜೇಡಿಮಣ್ಣಿನ ಖನಿಜಗಳು ಸಿಕ್ಕಿವೆ. ಅಂಥ ಮಣ್ಣನ್ನು ಕಾಯಿಸಿ ನೀರು ಬೇರ್ಪಡಿಸಿ, ಸೂರ್ಯನ ಬೆಳಕಿನಿಂದ ಪಡೆದ ವಿದ್ಯುತ್ತಿನಲ್ಲಿ ಆ ನೀರನ್ನು ಒಡೆದರೆ ಸಿಗುವುದು ಹೈಡ್ರೋಜನ್ ಮತ್ತು ಆಕ್ಸಿಜನ್. 1903ರ ಲೇಖನದಲ್ಲಿ ತ್ಸಿಯೊಲ್ಕೊವ್‌ಸ್ಕಿ ಸೂಚಿಸಿದ್ದು ಇದೇ ಜೋಡಿಯನ್ನು! ಚಂದ್ರಯಾನ-3ನ್ನು ಹೊತ್ತ ಇಸ್ರೋ ರಾಕೆಟ್ಟಿನ ಮೇಲಿನ ಹಂತದಲ್ಲಿ ಉರಿದದ್ದೂ ಇದೇ. ಮೇಲೆ ಸಿಕ್ಕ ನೀರು ಮೇಲೆಯೇ ಇಂಧನವಾದರೆ ಏಳೂವರೆ ಟನ್ನಿನ ಹೊರೆ ತಪ್ಪುತ್ತದೆ. ಆದ್ದರಿಂದ ಆಕಾಶದ ಗಣಿಯ ಮೊದಲ ಗಿರಾಕಿ ಭೂಮಿಯ ಚಿನ್ನದಂಗಡಿ ಅಲ್ಲ, ಆಕಾಶದಲ್ಲೇ ನಡೆಯುವ ಕೆಲಸ. ಬಾಹ್ಯಾಕಾಶದಲ್ಲಿ ಮುಂದೆ ಉದ್ಯಮ ಬೆಳೆಯುವುದಾದರೆ ಅಲ್ಲಿ ಚಿನ್ನಕ್ಕಿಂತ ನೀರಿಗೇ ಬೆಲೆ. ಆ ಉದ್ಯಮ ಇನ್ನೂ ಹುಟ್ಟಬೇಕು ಎಂಬುದನ್ನೂ ಮಕ್ಕಳಿಗೆ ಹೇಳಲೇಬೇಕು. ಕ್ಷುದ್ರಗ್ರಹ ಗಣಿಗಾರಿಕೆಗೆಂದು 2012ರಲ್ಲಿ ಸದ್ದು ಮಾಡಿದ ಪ್ಲಾನೆಟರಿ ರಿಸೋರ್ಸಸ್ ಕಂಪನಿ ಒಂದೂ ಬಂಡೆ ಮುಟ್ಟದೆ 2018ರಲ್ಲಿ ಬೇರೆಯವರ ಪಾಲಾಯಿತು.

ತ್ಸಿಯೊಲ್ಕೊವ್‌ಸ್ಕಿಯವರಿಗೆ 1921ರಲ್ಲಿ ಸರ್ಕಾರ ಪಿಂಚಣಿ ಕೊಟ್ಟಿತು. 1935ರ ಸೆಪ್ಟೆಂಬರ್ 19ರಂದು ಕಲುಗದಲ್ಲೇ ತೀರಿಕೊಂಡರು. ತಮ್ಮ ಲೆಕ್ಕದಂತೆ ಕಕ್ಷೆಗೇರಿದ ಒಂದು ರಾಕೆಟ್ಟನ್ನೂ ಅವರು ಕಾಣಲಿಲ್ಲ. ಮೊದಲ ಕೃತಕ ಉಪಗ್ರಹ ಹಾರಿದ್ದು ಇಪ್ಪತ್ತೆರಡು ವರ್ಷಗಳ ನಂತರ. ಅವರ ಕಥೆಯನ್ನು ನಾವು ಸಾಮಾನ್ಯವಾಗಿ ಕಿವುಡುತನ ಗೆದ್ದ ಸಾಹಸವೆಂದು ಹೇಳಿ ಮುಗಿಸುತ್ತೇವೆ. ಅಷ್ಟಕ್ಕೇ ನಿಲ್ಲಿಸಿದರೆ ಅವರ ಕೆಲಸವೇ ಮರೆಯಾಗುತ್ತದೆ. ದೊಡ್ಡ ಆಸೆಯೊಂದನ್ನು ಮಗು ತರಗತಿಗೆ ತಂದಾಗ ಅದನ್ನು ಹೊಗಳುವುದೂ ಬೇಡ, ಹಳಿಯುವುದೂ ಬೇಡ. ಅದರ ಎದುರಿಗೆ ಒಂದು ಗುಣಾಕಾರವಿಟ್ಟು ಕಾಯಬೇಕು. ಕಲುಗದ ಮೇಷ್ಟ್ರಿಂದ ನಾನು ಪಾಠಯೋಜನೆಗೆ ಪಡೆದದ್ದು ಇದು.